ಎದ್ದು ನಡೆದವರ ಸುದ್ದಿ ಹಾಕುವಾಗ ಹಾಸಿಗೆ ಹುಣ್ಣಿನ ಸುದ್ದಿಯನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಕಳೆದುಕೊಂಡವರು ಮತ್ತೆ ಎದ್ದು ನಡೆದರು ಅನ್ನುವ ಸುದ್ದಿ ಆಗಾಗ ಪೇಪರಿನಲ್ಲಿ, ಟಿವಿಯಲ್ಲಿ ಬರುತ್ತದೆ. ಬಂದ ದಿನ ನನ್ನ ಮೊಬೈಲಿಗೆ ಬಿಡುವೇ ಇರುವುದಿಲ್ಲ. ನೆಂಟರು, ಊರವರು, ನನ್ನ ಜೊತೆ ಓದಿದವರು ಎಲ್ಲರೂ ಆ ಸುದ್ದಿಯ ಫೋಟೋ ತೆಗೆದು ಕಳಿಸುತ್ತಾರೆ. "ಇದಕ್ಕೆ ಔಷಧಿ ಬಂತಂತೆ, ತಮ್ಮನಿಗೆ ಕೇಳಿ ನೋಡು" ಅಂತ. ನನ್ನ ತಮ್ಮ ಕೊಳೆ ರೋಗಕ್ಕೆ ಮದ್ದು ಹೊಡೆಯಲು ಅಡಿಕೆ ಮರ ಹತ್ತಿದವನು ಜಾರಿ ಬಿದ್ದ. ಆವತ್ತಿನಿಂದ ಅವನಿಗೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಕಳಿಸುವವರೆಲ್ಲ ಪ್ರೀತಿಯಿಂದಲೇ ಕಳಿಸುತ್ತಾರೆ, ಅದು ನನಗೆ ಗೊತ್ತು. ಆದರೆ ಆ ಸುದ್ದಿಯಲ್ಲಿ ಇಲ್ಲದ ವಿಷಯಗಳ ಬಗ್ಗೆ ನಿಮಗೆ ಬರೆಯಬೇಕು ಅನ್ನಿಸಿತು.

ಇಂಥ ಸುದ್ದಿ ಹಾಕಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಹಾಕಿ, ಆದರೆ ಪೂರ್ತಿ ಹಾಕಿ.

2023ರ ಮೇ ತಿಂಗಳಲ್ಲಿ ನೆದರ್‌ಲೆಂಡ್ಸಿನ ಗೆರ್ಟ್-ಯಾನ್ ಓಸ್ಕಾಮ್ ಅವರ ಸುದ್ದಿ ಜಗತ್ತಿನ ತುಂಬ ಬಂತು. 2011ರಲ್ಲಿ ಚೀನಾದಲ್ಲಿ ಸೈಕಲ್ ಅಪಘಾತವಾಗಿ ಅವರ ಕುತ್ತಿಗೆಯ ಹತ್ತಿರ ಹುರಿಗೆ ಪೆಟ್ಟಾಗಿತ್ತು. ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಗ್ರೆಗ್ವಾರ್ ಕೂರ್ಟೀನ್ ಮತ್ತು ಜೋಸ್ಲಿನ್ ಬ್ಲಾಕ್ ಅವರ ತಂಡ ಮಿದುಳಿನ ಮೇಲ್ಭಾಗದಲ್ಲಿ ಎರಡು ಸಾಧನ ಕೂರಿಸಿತು. ಹುರಿಯ ಕೆಳಭಾಗದ ಮೇಲೆ ಇನ್ನೊಂದು ಮೊದಲೇ ಇತ್ತು. ಅವರು ನಡೆಯಬೇಕು ಅಂದುಕೊಂಡರೆ ಕಂಪ್ಯೂಟರ್ ಅದನ್ನು ಓದಿ, ಪೆಟ್ಟಾದ ಜಾಗ ದಾಟಿಸಿ, ಕೆಳಗಿನ ಹುರಿಗೆ ಸಣ್ಣ ಕರೆಂಟು ಕೊಡುತ್ತದೆ, ಕಾಲು ಏಳುತ್ತದೆ. ನಿಜಕ್ಕೂ ದೊಡ್ಡ ಕೆಲಸ. ವಿಡಿಯೋ ನೋಡಿ ನನಗೂ ಕಣ್ಣು ತುಂಬಿ ಬಂತು. ಆದರೆ ಅವರ ಹುರಿ ಪೂರ್ತಿ ಕೆಟ್ಟಿರಲಿಲ್ಲ, ಅದರಲ್ಲಿ ಸ್ವಲ್ಪ ಸಂಪರ್ಕ ಉಳಿದಿತ್ತು. ಮಿದುಳಿನ ಸಾಧನ ಬರುವ ಮೊದಲೇ ಬರೀ ಹುರಿಯ ಸಾಧನ ಇಟ್ಟುಕೊಂಡು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಮಿದುಳಿನ ಎರಡು ಸಾಧನಗಳಲ್ಲಿ ಒಂದನ್ನು ಸೋಂಕಾಗಿ ತೆಗೆಯಬೇಕಾಯಿತು. ಮತ್ತೆ ಇದೆಲ್ಲ ಒಬ್ಬರ ಮೇಲೆ ನಡೆದ ಪ್ರಯೋಗ. ಇಷ್ಟು ನಾಲ್ಕು ಸಾಲು ಸೇರಿಸಿದರೆ ಸುದ್ದಿ ಸಣ್ಣದಾಗುವುದಿಲ್ಲ ಅಲ್ವಾ?

ಅದಕ್ಕಿಂತ ಜಾಸ್ತಿ ಜನರಿಗೆ ಉಪಯೋಗ ಆಗಬಹುದಾದ ಇನ್ನೊಂದು ಕೆಲಸ ಇದೆ, ಅದಕ್ಕೆ ಅಷ್ಟು ದೊಡ್ಡ ಹೆಡ್‌ಲೈನ್ ಸಿಗಲಿಲ್ಲ. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾಗಿ ಕೈಯೂ ಸರಿಯಾಗಿ ಆಡದವರಿಗೆ ಆಪರೇಷನ್ ಇಲ್ಲದೆ, ಕುತ್ತಿಗೆಯ ಹಿಂದೆ ಚರ್ಮದ ಮೇಲೆ ಪಟ್ಟಿ ಅಂಟಿಸಿ ಕರೆಂಟು ಕೊಡುವ ವಿಧಾನ. ಎರಡು ತಿಂಗಳು ಬರೀ ಫಿಸಿಯೋ ಮಾಡಿಸಿ, ಆಮೇಲೆ ಎರಡು ತಿಂಗಳು ಫಿಸಿಯೋ ಜೊತೆ ಈ ಕರೆಂಟು ಕೊಟ್ಟು ಹೋಲಿಸಿದರು. 60 ಜನ ಪೂರ್ತಿ ಮುಗಿಸಿದರು. ಅವರಲ್ಲಿ ನೂರಕ್ಕೆ 72ರಷ್ಟು ಮಂದಿಗೆ ಕೈಯ ಬಲವೂ ಕೈಯಿಂದ ಮಾಡುವ ಕೆಲಸವೂ ಸುಧಾರಿಸಿತು. ಪೆಟ್ಟಾಗಿ 34 ವರ್ಷ ಆದವರೂ ಆ ಗುಂಪಿನಲ್ಲಿದ್ದರು. 2024ರ ಮೇ ತಿಂಗಳಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು, ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿಯೂ ಸಿಕ್ಕಿತು. ಹುರಿಯಲ್ಲಿ ಸ್ವಲ್ಪವಾದರೂ ಸಂಪರ್ಕ ಉಳಿದವರಿಗೆ ಮಾತ್ರ ಇದು. ಆದರೂ ಯೋಚನೆ ಮಾಡಿ. ಚಮಚ ಹಿಡಿಯಲಾಗದವರು ಚಮಚ ಹಿಡಿದು ತಾವೇ ಊಟ ಮಾಡಿದರೆ ಆ ಮನೆಯಲ್ಲಿ ಇಬ್ಬರ ಜೀವನ ಬದಲಾಗುತ್ತದೆ.

ಜಪಾನಿನ ಕೇಯೋ ವಿಶ್ವವಿದ್ಯಾಲಯದ ಕಾಂಡಕೋಶದ (ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕೋಶ) ಪ್ರಯೋಗದ ವಿಷಯ 2025ರ ಮಾರ್ಚ್‌ನಲ್ಲಿ ಬಂತು. ನಾಲ್ಕು ಜನರಿಗೆ ಪೆಟ್ಟಾದ ಎರಡರಿಂದ ನಾಲ್ಕು ವಾರದೊಳಗೆ ಹುರಿಗೆ ಕೋಶ ಹಾಕಿದ್ದರು. ಇಬ್ಬರಿಗೆ ಸುಧಾರಿಸಿತು, ಅವರಲ್ಲಿ ಒಬ್ಬರು ಎದ್ದು ನಿಲ್ಲುವಷ್ಟಾದರು. ಇನ್ನಿಬ್ಬರಿಗೆ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಪೆಟ್ಟಾದ ಮೊದಲ ತಿಂಗಳುಗಳಲ್ಲಿ ಕೆಲವರಿಗೆ ಯಾವ ಕೋಶವೂ ಇಲ್ಲದೆ ತಾನಾಗಿಯೇ ಅಷ್ಟಿಷ್ಟು ಸ್ವಾಧೀನ ಬರುವುದುಂಟು. ಹಾಗಾಗಿ ನಾಲ್ಕು ಜನರನ್ನು ನೋಡಿ ಏನನ್ನೂ ಗಟ್ಟಿಯಾಗಿ ಹೇಳಲು ಆಗುವುದಿಲ್ಲ, ಮುಖ್ಯವಾಗಿ ಅದು ಸುರಕ್ಷಿತವೇ ಅಂತ ನೋಡಲು ಮಾಡಿದ ಪ್ರಯೋಗ. ಈ ಸಾಲು ಬಿಟ್ಟುಹೋದರೆ ಏನಾಗುತ್ತದೆ ಗೊತ್ತಾ? ಸ್ಟೆಮ್ ಸೆಲ್ ಇಂಜೆಕ್ಷನ್ ಮಾರುವವರು ಅದೇ ಸುದ್ದಿಯ ಫೋಟೋ ತೋರಿಸಿ ಲಕ್ಷಗಟ್ಟಲೆ ಕೇಳುತ್ತಾರೆ. ನಮ್ಮ ಮನೆಗೂ ಅಂಥ ಫೋನ್ ಬಂದಿದೆ. ಎಲ್ಲಿಂದ ಅಂತ ಬರೆಯುವುದಿಲ್ಲ, ಅದು ಒಂದೇ ಕಡೆಯ ಕಥೆ ಅಲ್ಲ. ನಮ್ಮ ಪುಣ್ಯಕ್ಕೆ ಒಬ್ಬ ಡಾಕ್ಟರು ಕೂರಿಸಿಕೊಂಡು ವಿವರವಾಗಿ ಹೇಳಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲೇ ನಿಯಮ ಮಾಡಿದೆ: ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಕಾಂಡಕೋಶದ ಕಸಿ ಬಿಟ್ಟರೆ ಬೇರೆ ಯಾವುದಕ್ಕೂ ಇದನ್ನು ಚಿಕಿತ್ಸೆ ಅಂತ ಕೊಡುವ ಹಾಗಿಲ್ಲ. ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ತೋಟ ಅಡ ಇಡಲು ಹೊರಟವರಿಗೆ ಈ ಎರಡು ಮಾತು ಗೊತ್ತಾದರೂ ಸಾಕು.

ಇನ್ನು ನನಗೆ ನಿಜವಾಗಿ ಹೇಳಬೇಕಾದದ್ದು.

ಬೆನ್ನುಹುರಿ ಪೆಟ್ಟಾದವರ ಜೀವ ತೆಗೆಯುವುದು ನಡೆಯಲಾಗದ ಕಾಲು ಅಲ್ಲ. ಹಾಸಿಗೆ ಹುಣ್ಣು (ಒಂದೇ ಮಗ್ಗುಲಲ್ಲಿ ಮಲಗಿ ಒತ್ತಡಕ್ಕೆ ಚರ್ಮ ಕೆಟ್ಟು ಆಗುವ ಹುಣ್ಣು), ಮೂತ್ರದ ಸೋಂಕು, ಅದು ಕಿಡ್ನಿಗೆ ಹೋಗುವುದು, ರಕ್ತಕ್ಕೆ ನಂಜು ಏರುವುದು, ಎದೆಯಲ್ಲಿ ಕಫ ಕಟ್ಟುವುದು, ಇವು. ಸೂಪರ್‌ಮ್ಯಾನ್ ಪಾತ್ರ ಮಾಡಿದ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದರು. ದುಡ್ಡಿತ್ತು, ದಿನವಿಡೀ ನರ್ಸ್‌ಗಳಿದ್ದರು, ಸಂಶೋಧನೆಗೆ ತಾವೇ ಹಣ ಕೂಡಿಸಿ ಕೊಡುತ್ತಿದ್ದರು. 2004ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವರು ಸೋಂಕಾದ ಹಾಸಿಗೆ ಹುಣ್ಣಿಗೆ ಚಿಕಿತ್ಸೆ ಪಡೆಯುತ್ತಿದ್ದರು. ಅಂಥವರಿಗೇ ಹಾಗಾದರೆ ಹಳ್ಳಿಯ ಒಂದು ಕೋಣೆಯಲ್ಲಿ ಹತ್ತಿಯ ಹಾಸಿಗೆ ಮೇಲೆ ಮಲಗಿದವರ ಗತಿ ಏನು?

ಇದಕ್ಕೆ ಮದ್ದು ಹೊಸದೇನಲ್ಲ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಅನ್ನುವ ವೈದ್ಯರು ಗಾಯಗೊಂಡ ಸೈನಿಕರ ವಾರ್ಡು ಶುರು ಮಾಡಿದರು. ಅಲ್ಲಿಯವರೆಗೆ ಇಂಥವರು ಬಹುಪಾಲು ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಬೇಗ ಸಾಯುತ್ತಿದ್ದರು, ಡಾಕ್ಟರುಗಳೂ ಕೈಚೆಲ್ಲಿದ್ದರು. ಗುಟ್‌ಮನ್ ಎರಡು ಗಂಟೆಗೊಮ್ಮೆ ಹಗಲೂ ರಾತ್ರಿ ಮಗ್ಗುಲು ತಿರುಗಿಸಬೇಕು ಅಂತ ಕಟ್ಟುನಿಟ್ಟು ಮಾಡಿದರು. ಕೆಲವೊಮ್ಮೆ ರಾತ್ರಿ ಹೊತ್ತು ತಾವೇ ಹೋಗಿ ನೋಡುತ್ತಿದ್ದರಂತೆ. ಜನ ಬದುಕಿದರು. ಬದುಕಿದವರಿಗೆ 1948ರಲ್ಲಿ ಬಿಲ್ಲುಗಾರಿಕೆ ಪಂದ್ಯ ಏರ್ಪಡಿಸಿದರು, ಅದೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು.

ಅಷ್ಟು ಹಳೆಯ ತಿಳಿವಳಿಕೆ ನಮ್ಮ ಊರಿನವರೆಗೆ ಇನ್ನೂ ಬಂದಿಲ್ಲ ಅನ್ನುವುದೇ ನನ್ನ ಸಂಕಟ. ತಮ್ಮನನ್ನು ಆಪರೇಷನ್ ಆದ ಮೇಲೆ ಒಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದಾಗ ನಮಗೆ ಕೊಟ್ಟದ್ದು ಮಾತ್ರೆಯ ಚೀಟಿ ಮತ್ತು ಯೂರಿನ್ ಟ್ಯೂಬ್. ತಿರುಗಿಸುವುದು ಹೇಗೆ, ಚರ್ಮ ಎಲ್ಲಿ ಎಲ್ಲಿ ನೋಡಬೇಕು, ಯಾರೂ ಹೇಳಲಿಲ್ಲ. ಬೆನ್ನಿನ ಕೊನೆಯ ಎಲುಬಿನ ಮೇಲೆ ಒಂದು ಕೆಂಪು ಗುರುತು ಕಂಡಿತು. ಅವನಿಗೆ ಅಲ್ಲಿ ನೋವೇ ಗೊತ್ತಾಗುವುದಿಲ್ಲವಲ್ಲ. ಕೆಲವೇ ದಿನದಲ್ಲಿ ಅದು ಎಲುಬು ಕಾಣುವಷ್ಟು ಆಳವಾಯಿತು. ಮೆಡಿಕಲ್ ಶಾಪಿನವರು ಗಾಳಿ ತುಂಬಿದ ರಬ್ಬರ್ ರಿಂಗ್ ಕೊಟ್ಟರು. ಆ ರಿಂಗ್ ಸುತ್ತಲಿನ ಚರ್ಮವನ್ನು ಒತ್ತಿ ರಕ್ತ ಹರಿಯುವುದನ್ನೇ ತಡೆಯುತ್ತದೆ, ಬಳಸಬೇಡಿ ಅಂತ ತಜ್ಞರು ಯಾವಾಗಲೋ ಹೇಳಿದ್ದಾರೆ. ಹಾಗಿದ್ದೂ ಇವತ್ತಿಗೂ ಅದನ್ನು ಮಾರುತ್ತಾರೆ, ಜನ ಕೊಳ್ಳುತ್ತಾರೆ. ಆ ಹುಣ್ಣು ಮಾಯಲು ತಿಂಗಳುಗಟ್ಟಲೆ ಬೇಕಾಯಿತು. ಅಷ್ಟು ದಿನ ಅವನು ವೀಲ್‌ಚೇರಿನಲ್ಲಿ ಕೂರುವ ಹಾಗಿರಲಿಲ್ಲ, ಫಿಸಿಯೋ ಪೂರ್ತಿ ನಿಂತುಹೋಯಿತು.

ಮೂತ್ರದ ವಿಷಯ ಬರೆಯಲು ಸಂಕೋಚ ಆಗುತ್ತದೆ, ಆದರೂ ಬರೆಯಲೇಬೇಕು. ಒಂದೇ ಟ್ಯೂಬನ್ನು ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಸೋಂಕು ತಪ್ಪಿದ್ದಲ್ಲ. ಕೈ ಆಡುವವರಾದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳ್ಳಗಿನ ಟ್ಯೂಬನ್ನು ತಾವೇ ಹಾಕಿ ಮೂತ್ರ ತೆಗೆದು, ಟ್ಯೂಬ್ ತೆಗೆದುಬಿಡಬಹುದು. ಆಪರೇಷನ್ ಥಿಯೇಟರಿನಷ್ಟು ಶುದ್ಧಿ ಬೇಕಿಲ್ಲ, ಸೋಪು ಹಾಕಿ ಕೈ ಚೆನ್ನಾಗಿ ತೊಳೆದು ಸ್ವಚ್ಛವಾಗಿ ಮಾಡಿದರೆ ಸಾಕು ಅಂತ ಅಮೆರಿಕದ ಜ್ಯಾಕ್ ಲ್ಯಾಪಿಡೆಸ್ ಅನ್ನುವ ವೈದ್ಯರು 1972ರಲ್ಲೇ ತೋರಿಸಿಕೊಟ್ಟರು. ಎಷ್ಟೋ ಕಿಡ್ನಿಗಳನ್ನು ಉಳಿಸಿದ ವಿಧಾನ ಇದು. ತಮ್ಮನಿಗೆ ಇದನ್ನು ಕಲಿಸಿದ್ದು ಬಹಳ ತಡವಾಗಿ. ಕಲಿತ ಮೇಲೆ ಅವನಿಗೆ ಜ್ವರ ಬರುವುದು ಕಡಿಮೆಯಾಯಿತು, ಚೀಲ ನೇತುಹಾಕಿಕೊಳ್ಳದೆ ಮದುವೆ ಮನೆಗೆ ಹೋಗಿ ಬಂದ.

ಇನ್ನೊಂದು ವಿಷಯ ಊರ ಕಡೆ ಎಷ್ಟೋ ಆಸ್ಪತ್ರೆಗಳಲ್ಲೂ ಗೊತ್ತಿರುವುದಿಲ್ಲ. ಎದೆಯ ನಡುಮಟ್ಟದಲ್ಲೋ ಅದಕ್ಕಿಂತ ಮೇಲೋ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವಷ್ಟು ನೋವು, ಮುಖದ ತುಂಬ ಬೆವರು, ಬಿಪಿ 200 ದಾಟುವುದು ಆಗಬಹುದು. ಕಾರಣ ಎಷ್ಟೋ ಸಲ ಸಣ್ಣದು. ಮೂತ್ರದ ಟ್ಯೂಬ್ ಮಡಚಿಕೊಂಡಿರುತ್ತದೆ, ಇಲ್ಲವೇ ಮಲ ಕಟ್ಟಿಕೊಂಡಿರುತ್ತದೆ. ಮಲಗಿಸಬಾರದು, ಎಬ್ಬಿಸಿ ಕೂರಿಸಬೇಕು, ಬಟ್ಟೆ ಸಡಿಲ ಮಾಡಬೇಕು, ಟ್ಯೂಬ್ ನೋಡಬೇಕು. ಆಗಲೂ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಇದು ಗೊತ್ತಿಲ್ಲದೆ ಮಿದುಳಿನಲ್ಲಿ ರಕ್ತಸ್ರಾವ ಆದವರಿದ್ದಾರೆ. ಈ ಬಿಪಿ ಏರುಪೇರಿಗೆ ಹುರಿಯ ಮೇಲೆ ಸಾಧನ ಇಟ್ಟು ಹತೋಟಿಗೆ ತರುವ ಸಂಶೋಧನೆಯೂ ಈಗ ನಡೆಯುತ್ತಿದೆ. ಆದರೆ ನಡೆದಾಡುವ ವಿಡಿಯೋ ಇಲ್ಲದ್ದರಿಂದಲೋ ಏನೋ, ಅದು ಸುದ್ದಿಯಾಗುವುದೇ ಇಲ್ಲ.

ನಾನು ಸುಮ್ನೆ ನನ್ನ ಅನಿಸಿಕೆ ಹೇಳುತ್ತಿಲ್ಲ. ಸ್ವತಃ ಬೆನ್ನುಹುರಿ ಪೆಟ್ಟಿನೊಂದಿಗೆ ಬದುಕುವ ವಿಜ್ಞಾನಿ ಕಿಮ್ ಆ್ಯಂಡರ್ಸನ್ 2004ರಲ್ಲಿ 681 ಜನರನ್ನು ಕೇಳಿದರು, ಯಾವುದು ವಾಪಸ್ ಬಂದರೆ ನಿಮ್ಮ ಜೀವನ ಹೆಚ್ಚು ಸುಧಾರಿಸುತ್ತದೆ ಅಂತ. ಕೈಕಾಲು ಎರಡರ ಸ್ವಾಧೀನವೂ ಹೋದವರು ಮೊದಲು ಹೇಳಿದ್ದು ಕೈ. ಕಾಲು ಮಾತ್ರ ಹೋದವರು ಮೊದಲು ಹೇಳಿದ್ದು ದಾಂಪತ್ಯದ ಸುಖ. ಮಲಮೂತ್ರದ ಹತೋಟಿ ಎರಡೂ ಗುಂಪಿನವರಿಗೆ ಬಹಳ ಮುಖ್ಯವಾಗಿತ್ತು. ನಡೆಯುವುದು ಯಾರಿಗೂ ಬೇಡ ಅಂತಲ್ಲ, ಅದು ಮೊದಲನೆಯದಾಗಿರಲಿಲ್ಲ ಅಷ್ಟೆ. ತಮ್ಮನನ್ನು ಕೇಳಿದರೂ ಅದೇ ಹೇಳುತ್ತಾನೆ. "ಅಕ್ಕಾ, ಬಸ್ಸಿನಲ್ಲಿ ಕೂತಾಗ ಬಟ್ಟೆ ಒದ್ದೆಯಾಗುತ್ತದೋ ಅನ್ನುವ ಹೆದರಿಕೆ ಹೋದರೆ ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ" ಅನ್ನುತ್ತಾನೆ.

ಬಿದ್ದ ಮೊದಲ ದಿನದ ಬಗ್ಗೆಯೂ ಸಂಶೋಧನೆ ಸಾಕಷ್ಟಾಗಿದೆ. ಹುರಿಯ ಮೇಲೆ ಎಲುಬು ಒತ್ತಿಕೊಂಡಿದ್ದರೆ 24 ಗಂಟೆಯೊಳಗೆ ಆಪರೇಷನ್ ಮಾಡಿ ಒತ್ತಡ ತೆಗೆಯಿರಿ ಅಂತ 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಮಲೆನಾಡಿನ ತೋಟದಿಂದ ಮಂಗಳೂರಿಗೋ ಹುಬ್ಬಳ್ಳಿಗೋ ಮುಟ್ಟುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ನಿಮಗೇ ಗೊತ್ತು. ಅದಕ್ಕಿಂತ ಮೊದಲು, ಬಿದ್ದವರನ್ನು ಇಬ್ಬರು ಕೈಕಾಲು ಹಿಡಿದು ಎತ್ತಿ, ಮಡಚಿ ರಿಕ್ಷಾದಲ್ಲಿ ಕೂರಿಸುವುದು ನಿಲ್ಲಬೇಕು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರಕ್ಕೆ ಇರುವಂತೆ ನಾಲ್ಕೈದು ಜನ ಸೇರಿ ಹಲಗೆಯ ಮೇಲೆ ಮಲಗಿಸಬೇಕು, 108ಕ್ಕೆ ಫೋನ್ ಮಾಡಬೇಕು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೆ, ಮದ್ದು ಹೊಡೆಯುವವರಿಗೆ, ತೋಟದ ಮಾಲೀಕರಿಗೆ ಇದನ್ನು ಅಡಿಕೆ ಸೊಸೈಟಿಗಳೇ ಕಲಿಸಬಹುದು.

ಸರ್ಕಾರದಿಂದ ನಾನು ಕೇಳುವುದು ದೊಡ್ಡದೇನಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮೂತ್ರ ತೆಗೆಯುವ ಟ್ಯೂಬ್ ಪ್ರತಿ ತಿಂಗಳು ಸಿಗಲಿ, ವೀಲ್‌ಚೇರ್ ಕೊಡುವಾಗ ಅದರ ಜೊತೆ ಸರಿಯಾದ ಕುಶನ್ ಕೊಡಲಿ, ಆಶಾ ಕಾರ್ಯಕರ್ತೆಯರಿಗೆ ಹುಣ್ಣಿನ ಮೊದಲ ಗುರುತು ಯಾವುದು ಅಂತ ಒಂದು ದಿನ ತರಬೇತಿ ಆಗಲಿ.

ನಿಮ್ಮಿಂದ ಕೇಳುವುದು ಇಷ್ಟು. ಬೆಂಗಳೂರಿನ ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗಕ್ಕೋ, ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿರುವ ಬೆನ್ನುಹುರಿ ಪೆಟ್ಟಾದವರ ಪುನಶ್ಚೇತನ ಕೇಂದ್ರ ಸೇವಾಧಾಮಕ್ಕೋ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೋ ಒಬ್ಬ ವರದಿಗಾರರನ್ನು ಕಳಿಸಿ. ವೆಲ್ಲೂರಿನಲ್ಲಿ 1966ರಲ್ಲಿ ಪುನಶ್ಚೇತನ ಕೇಂದ್ರ ಶುರು ಮಾಡಿದ ಡಾ. ಮೇರಿ ವರ್ಗೀಸ್ ತಾವೇ ಅಪಘಾತದಲ್ಲಿ ಬೆನ್ನುಹುರಿ ಪೆಟ್ಟಾಗಿ ವೀಲ್‌ಚೇರಿನಲ್ಲಿ ಕೂತು ಆಪರೇಷನ್ ಮಾಡಿದವರು. ಅವರ ಬಗ್ಗೆಯೂ ನಮ್ಮ ಮಕ್ಕಳಿಗೆ ಗೊತ್ತಾಗಲಿ. ವಾರ್ಡಿನ ನರ್ಸ್‌ಗಳನ್ನು, ಫಿಸಿಯೋದವರನ್ನು, ಅಲ್ಲಿರುವ ರೋಗಿಗಳನ್ನು ಮಾತಾಡಿಸಿ, ಮಗ್ಗುಲು ತಿರುಗಿಸುವುದು, ಚರ್ಮ ನೋಡುವುದು, ಟ್ಯೂಬ್ ಹಾಕುವುದು ಎಲ್ಲವನ್ನೂ ಚಿತ್ರ ಸಮೇತ ಒಂದು ಪುಟ ಹಾಕಿ. ಆ ಪುಟ ಬಂದರೆ ಅದರ ಪ್ರತಿ ಮಾಡಿಸಿ ನಮ್ಮ ತಾಲ್ಲೂಕಿನ ಎಲ್ಲ ಆರೋಗ್ಯ ಕೇಂದ್ರಗಳಿಗೂ ಕೊಟ್ಟು ಬರುವ ಕೆಲಸ ನನ್ನದು.

ನಿಮ್ಮ ಓದುಗರಲ್ಲೊಬ್ಬಳು
ಶಿರಸಿ ತಾಲ್ಲೂಕು, ಉತ್ತರ ಕನ್ನಡ