ಸಂಘಗಳ ಸೂಚನೆ ಇನ್ನು ಮುಂದೆ ಮಕ್ಕಳ ದಿನಚರಿಯಲ್ಲಿ

ಪೋಷಕ ಬಂಧುಗಳಿಗೆ ನಮಸ್ಕಾರಗಳು.

ಹೋದ ತಿಂಗಳ ಕೊನೆಯ ಶನಿವಾರ ನಮ್ಮ ಶಾಲೆಯ ಹನ್ನೊಂದು ಮಕ್ಕಳು ಬಸ್ ನಿಲ್ದಾಣದಲ್ಲಿ ಮಧ್ಯಾಹ್ನ ಮೂರೂವರೆಯವರೆಗೆ ಕಾಯಬೇಕಾಯಿತು. ಇಕೋ ಕ್ಲಬ್‌ನ ಗಿಡ ನೆಡುವ ಕೆಲಸ ಮುಗಿಯುವಷ್ಟರಲ್ಲಿ ಹನ್ನೆರಡೂ ಮುಕ್ಕಾಲರ ಬಸ್ ಹೋಗಿಬಿಟ್ಟಿತ್ತು. ನಮ್ಮ ಕಡೆ ಓಡುವುದು ಖಾಸಗಿ ಬಸ್ಸುಗಳೇ. ಒಂದು ತಪ್ಪಿದರೆ ಮಧ್ಯೆ ಇನ್ನೊಂದಿಲ್ಲ. ಸೋಮವಾರ ಒಬ್ಬ ತಂದೆ ನನ್ನ ಕೊಠಡಿಗೆ ಬಂದು, "ಮಗಳು ಎಲ್ಲಿದ್ದಾಳೆಂದು ತಿಳಿಯದೆ ನಾಟಿ ಬಿಟ್ಟು ರಸ್ತೆಗೆ ಬಂದು ನಿಂತಿದ್ದೆ ಮೇಡಂ" ಎಂದರು. ಅವರ ಕಾಲಿಗೆ ಮೆತ್ತಿದ ಕೆಸರು ಇನ್ನೂ ನನ್ನ ಕಣ್ಣ ಮುಂದಿದೆ.

ಸಂದೇಶವನ್ನು ನಾವು ಕಳುಹಿಸಿದ್ದೆವು. ಶುಕ್ರವಾರ ರಾತ್ರಿ ಒಂಬತ್ತೂವರೆಗೆ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೆವು. ಅವರ ಮನೆಯಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಹಾಗಾಗಿ "ಕಳುಹಿಸಿದ್ದೆವು" ಎಂಬ ಮಾತನ್ನು ನಾನು ಅವರೆದುರು ಆಡಲಿಲ್ಲ. ತಪ್ಪು ನಮ್ಮದು. ಅದನ್ನು ಅವರಿಗೆ ಹೇಳಿದ್ದೇನೆ, ಈಗ ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ.

ಆದರೆ ಆ ದಿನದ ಇನ್ನೊಂದು ಸಂಗತಿಯನ್ನೂ ನೀವು ತಿಳಿಯಬೇಕು. ಕ್ಲಬ್ಬಿನ ಶಿಕ್ಷಕರು ಮಕ್ಕಳನ್ನು ಬಿಟ್ಟು ಮನೆಗೆ ಹೋಗಲಿಲ್ಲ. ಬಿಸಿಯೂಟ ಆಗಿದೆಯೇ ಎಂದು ವಿಚಾರಿಸಿ, ಜೊತೆಗೇ ನಿಂತು, ಕೊನೆಯ ಮಗುವನ್ನು ಬಸ್ಸು ಹತ್ತಿಸಿದ ಮೇಲೆಯೇ ಹೊರಟರು. ನಮ್ಮ ಶಾಲೆಯಲ್ಲಿ ಸಂಘಗಳ ಕೆಲಸಕ್ಕೆ ಯಾರಿಗೂ ಬೇರೆ ಸಂಬಳವಿಲ್ಲ. ವಿಜ್ಞಾನ ಸಂಘ, ಸಾಹಿತ್ಯ ಸಂಘ, ಸ್ಕೌಟ್ಸ್ ಮತ್ತು ಗೈಡ್ಸ್, ಪ್ರತಿಭಾ ಕಾರಂಜಿಯ ಕೋಲಾಟದ ಅಭ್ಯಾಸ, ಎಲ್ಲವೂ ಶಿಕ್ಷಕರ ಸ್ವಂತ ಸಮಯದಲ್ಲಿ ನಡೆಯುತ್ತಿವೆ.

ಆ ವಾರ ನಾನು ಐದೂ ಸಂಘಗಳ ವಾಟ್ಸಾಪ್ ಗುಂಪುಗಳನ್ನು ಕೂತು ಓದಿದೆ. ಒಂದೇ ಸಭೆಯ ಸಮಯ ಒಂದೇ ಸಂಜೆ ಮೂರು ಸಲ ಬದಲಾಗಿತ್ತು. ನಡುನಡುವೆ ಶುಭೋದಯದ ಚಿತ್ರಗಳು, ಮನೆಪಾಠದ ಪ್ರಶ್ನೆಗಳು, ಕಳೆದುಹೋದ ಛತ್ರಿಯ ವಿಚಾರ. ನನ್ನನ್ನು ಬಹಳ ನೋಯಿಸಿದ್ದು ಒಂದು ಹಳೆಯ ಸಂದೇಶ. ಮಕ್ಕಳ ಹೊಸ ವೈಜ್ಞಾನಿಕ ಆಲೋಚನೆಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಯೊಂದರಿಂದ ಐದು ಆಲೋಚನೆಗಳನ್ನು ಕಳುಹಿಸಬಹುದು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಮಗುವಿನ ಖಾತೆಗೇ ಬರುತ್ತದೆ. ಅಡಿಕೆ ಒಣಗಿಸುವ ಬಗ್ಗೆ ಒಳ್ಳೆಯ ಆಲೋಚನೆ ಬರೆದಿದ್ದ ಹುಡುಗನೊಬ್ಬನ ಪಾಸ್‌ಬುಕ್ ಪ್ರತಿ ಬೇಕೆಂದು ಗುಂಪಿನಲ್ಲಿ ಕೇಳಿದ್ದೆವು. ಆ ಸಾಲು ನಲವತ್ತು ಸಂದೇಶಗಳ ಕೆಳಗೆ ಹೂತುಹೋಗಿತ್ತು. ಮನೆಯವರು ನೋಡಲಿಲ್ಲ, ನಾವೂ ಮತ್ತೆ ಕೇಳಲಿಲ್ಲ, ಅವನ ಹೆಸರು ಹೋಗಲಿಲ್ಲ. ಆ ಹುಡುಗ ಈ ವರ್ಷ ಹತ್ತನೇ ತರಗತಿಯಲ್ಲಿದ್ದಾನೆ.

ಆದ್ದರಿಂದ ಬರುವ ಸೋಮವಾರದಿಂದ ಸಂಘಗಳ ವಾಟ್ಸಾಪ್ ಗುಂಪುಗಳು ಇರುವುದಿಲ್ಲ. ಪ್ರತಿ ಗುರುವಾರ ಎಲ್ಲ ಸಂಘಗಳ ವಿದ್ಯಾರ್ಥಿ ಕಾರ್ಯದರ್ಶಿಗಳು ನನ್ನ ಕೊಠಡಿಯಲ್ಲಿ ಸೇರಿ ಶನಿವಾರದ ಕಾರ್ಯಕ್ರಮ ಗೊತ್ತುಮಾಡುತ್ತಾರೆ. ಶುಕ್ರವಾರ ಕೊನೆಯ ಅವಧಿಯ ಹತ್ತು ನಿಮಿಷ ಅದಕ್ಕೇ ಮೀಸಲು. ಯಾವ ಸಂಘ, ಎಲ್ಲಿ, ಏನು ತರಬೇಕು, ಎಷ್ಟು ಗಂಟೆಗೆ ಬಿಡುತ್ತಾರೆ, ಯಾವ ಶಿಕ್ಷಕರು ಇರುತ್ತಾರೆ, ಇಷ್ಟನ್ನೂ ಮಗು ತನ್ನ ದಿನಚರಿಯಲ್ಲಿ ತಾನೇ ಬರೆದುಕೊಳ್ಳಬೇಕು. ಗೇಟಿನ ಪಕ್ಕದ ಹಲಗೆಯ ಮೇಲೂ ಅದೇ ಇರುತ್ತದೆ. ಶುಕ್ರವಾರದ ನಂತರ ಸಮಯ ಬದಲಾಗುವುದಿಲ್ಲ. ಬದಲಿಸಲೇಬೇಕಾದರೆ ಆ ವಾರ ಸಭೆಯೇ ಇಲ್ಲ. ಶನಿವಾರ ಹನ್ನೆರಡೂವರೆಗೆ ಎಲ್ಲ ಚಟುವಟಿಕೆ ನಿಲ್ಲುತ್ತದೆ, ಅರ್ಧ ಗಿಡ ನೆಟ್ಟಿದ್ದರೂ ಸರಿ. ಒಂದು ಮಗು ಎರಡಕ್ಕಿಂತ ಹೆಚ್ಚು ಸಂಘಗಳಲ್ಲಿ ಇರುವಂತಿಲ್ಲ.

ಪೋಷಕರ ಸಭೆಯಲ್ಲಿ ನಿಮ್ಮಲ್ಲಿ ಅನೇಕರು ಇದಕ್ಕೆ ಒಪ್ಪಲಿಲ್ಲ. "ಮಗು ಬರೆದುಕೊಳ್ಳದೆ ಬಂದರೆ ನಮಗೆ ಹೇಗೆ ತಿಳಿಯಬೇಕು? ಗುಂಪಿನಲ್ಲಿ ಒಂದು ಸಾಲು ಹಾಕಿದರೆ ನಿಮಗೇನು ಕಷ್ಟ?" ಎಂದು ಕೇಳಿದಿರಿ. ಕೇಳಿದ್ದು ಸರಿ. ದೂರದ ಹಳ್ಳಿಯಿಂದ ಹೆಣ್ಣುಮಗುವನ್ನು ಕಳುಹಿಸುವ ತಾಯಿಯ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನನ್ನ ಉತ್ತರ ಅದೇ. ಬರೆದುಕೊಳ್ಳದ ಮಗು ಒಂದು ಸಭೆಯನ್ನು ತಪ್ಪಿಸಿಕೊಳ್ಳುತ್ತದೆ, ಅಥವಾ ಬಣ್ಣದ ಕಾಗದವಿಲ್ಲದೆ ಬಂದು ಪಕ್ಕದವಳಿಂದ ಕೇಳಿ ಪಡೆಯುತ್ತದೆ. ಮುಂದಿನ ವಾರ ಬರೆದುಕೊಳ್ಳುತ್ತದೆ. ಗುಂಪಿನಲ್ಲಿ ಸಂದೇಶ ಬರುತ್ತದೆಂದು ಗೊತ್ತಿದ್ದರೆ ಯಾವ ಮಗುವೂ ಪೆನ್ನು ತೆಗೆಯುವುದಿಲ್ಲ. ಇದನ್ನು ನಾವು ಎರಡು ವರ್ಷ ಕಣ್ಣಾರೆ ಕಂಡಿದ್ದೇವೆ.

ನಾವು ಕೈ ತೊಳೆದುಕೊಳ್ಳುತ್ತಿದ್ದೇವೆ ಎಂದು ದಯವಿಟ್ಟು ತಿಳಿಯಬೇಡಿ. ಮೊದಲ ತಿಂಗಳು ತರಗತಿ ಶಿಕ್ಷಕರು ಪ್ರತಿ ದಿನಚರಿಯನ್ನೂ ನೋಡುತ್ತಾರೆ. ಬರವಣಿಗೆ ನಿಧಾನವಿರುವ ಮಕ್ಕಳಿಗೆ ಜೊತೆಗಾರರು ನೆರವಾಗುತ್ತಾರೆ. ಮಗುವಿಗೆ ಮೈ ಹುಷಾರಿಲ್ಲದಿದ್ದರೆ, ಬಸ್ ಬರದಿದ್ದರೆ, ಹಳ್ಳ ಉಕ್ಕಿದರೆ ಶಾಲೆಯ ದೂರವಾಣಿಯಿಂದ ನಾವೇ ಕರೆ ಮಾಡುತ್ತೇವೆ. ಆದರೆ "ನಾಳೆ ಏನು ತರಬೇಕು" ಎಂಬ ಪ್ರಶ್ನೆಗೆ ಕರೆ ಮಾಡುವುದಿಲ್ಲ, ರಾತ್ರಿ ನೀವು ಶಿಕ್ಷಕರಿಗೆ ಕರೆ ಮಾಡಿದರೂ ಅವರು ಉತ್ತರಿಸುವುದಿಲ್ಲ. ಹಾಗೆ ಮಾಡಲು ಅವರಿಗೆ ಹೇಳಿರುವವಳು ನಾನು. ಬೇಸರವಾದರೆ ನನ್ನ ಮೇಲೆ ಆಗಲಿ.

ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. 1993ರಿಂದ ನಡೆದು ಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಯೋಜನೆ ಮಾಡುವ ಮಕ್ಕಳು ತಮ್ಮ ಊರಿನ ಒಂದು ಸಮಸ್ಯೆಯನ್ನು ಹಿಡಿದು, ಸಮೀಕ್ಷೆ ಮಾಡಿ, ಮಾಡಿದ್ದನ್ನು ಅಂದಂದೇ ಬರೆದಿಡಬೇಕು. ಕಳೆದ ವರ್ಷ ನಮ್ಮ ಇಬ್ಬರು ಹುಡುಗಿಯರು ಬಾವಿಗಳ ನೀರಿನ ಮಟ್ಟವನ್ನು ವಾರವಾರ ಅಳೆದರು, ಆದರೆ ಅಂಕಿಗಳನ್ನು ಮೊಬೈಲ್‌ನಲ್ಲಿ ಕಳುಹಿಸಿ ಮರೆತರು. ತಂದೆಯ ಫೋನ್ ಕೆಟ್ಟಿತು, ಆರು ವಾರದ ಲೆಕ್ಕ ಹೋಯಿತು. ಈಗ ಅವರಲ್ಲೊಬ್ಬಳು ವಿಜ್ಞಾನ ಸಂಘದ ಕಾರ್ಯದರ್ಶಿ. ಮೊದಲು ತರಗತಿಯಲ್ಲಿ ಬಾಯಿ ಬಿಡದಿದ್ದವಳು ಮೊನ್ನೆ ಗುರುವಾರ ನನ್ನೆದುರೇ ಸ್ಕೌಟ್ಸ್ ಹುಡುಗನಿಗೆ, "ಪ್ರಯೋಗಾಲಯ ಆ ಹೊತ್ತಿಗೆ ನಮಗೆ ಬೇಕು, ನೀವು ಮೈದಾನ ತೆಗೆದುಕೊಳ್ಳಿ" ಎಂದಳು. ಅವನು ಒಪ್ಪಿದ. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಕೋಲಾಟದ ತಂಡಕ್ಕೆ ತಮ್ಮ ಮಗುವನ್ನು ಏಕೆ ಆರಿಸಲಿಲ್ಲ ಎಂದು ಕೇಳಿದವರಿಗೆ ಬೇರೆಯಾಗಿ ಉತ್ತರಿಸುತ್ತೇನೆ. ದಯವಿಟ್ಟು ಶಾಲೆಗೆ ಬನ್ನಿ, ಕುಳಿತು ಮಾತಾಡೋಣ.

ನಿಮ್ಮಿಂದ ನಾನು ಕೇಳುವುದು ಇಷ್ಟೇ: ಶುಕ್ರವಾರ ಸಂಜೆ ದಿನಚರಿಯನ್ನು ನೋಡಿ ಸಹಿ ಮಾಡಿ.

ಓದಲು ಬಾರದವರು ಮಗುವಿನಿಂದ ಗಟ್ಟಿಯಾಗಿ ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿದರೆ ಸಾಕು. ದಿನಚರಿ ಮಳೆಯಲ್ಲಿ ನೆನೆದುಹೋದ ಮಕ್ಕಳು ಕಚೇರಿಯಿಂದ ಹೊಸದನ್ನು ಪಡೆಯಬಹುದು, ಹಣ ಕೊಡಬೇಕಾಗಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ