52 ವಾರ ಜೊತೆಗೆ ಕೂತು ಓದಿಸಿದವರಿಗೆ

ಕಳೆದ ಭಾನುವಾರ ನಮ್ಮ ಕುಟುಂಬ ವೇದಪಾಠದ, ಅಂದರೆ ಮನೆಯವರೆಲ್ಲ ಕೂತು ಬೈಬಲ್ ಓದುವ ಪಾಠದ, 52ನೇ ಭಾಗ ಮುಗಿಯಿತು. ವಿಧೇಯತೆ, ನಂಬಿಕೆ ಎಂಬ ಎರಡೇ ಎಳೆ ಹಿಡಿದು, ನೋಹನಿಂದ ಹಿಡಿದು ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದವರೆಗೆ ವಾರಕ್ಕೊಂದು ಭಾಗ. ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳ ಮನೆಗಳಲ್ಲಿ ಇದು ನಿಲ್ಲದೆ ನಡೆಯುವಂತೆ ಮಾಡಿದವರಿಗೆಲ್ಲ ನಮ್ಮ ಮನಸಾರೆ ವಂದನೆ. ಯಾರ ಸಲಹೆ ಎಲ್ಲಿ ಕೈಹಿಡಿಯಿತು ಅನ್ನುವುದನ್ನೂ ಬರೆದಿಟ್ಟರೆ ಹೊಸದಾಗಿ ಶುರುಮಾಡುವ ಮನೆಗಳಿಗೆ ಉಪಯೋಗವಾದೀತು.

ಮೊದಲ ವಂದನೆ ಸಂಡೇ ಸ್ಕೂಲ್ ಶಿಕ್ಷಕಿಯರಿಗೆ. ವಾರಕ್ಕೊಂದು ಪೂರ್ತಿ ಅಧ್ಯಾಯ ಎಂದಿದ್ದ ಪಟ್ಟಿಯನ್ನು 12ರಿಂದ 20 ವಚನಗಳಿಗೆ (ಅಧ್ಯಾಯದೊಳಗೆ ಅಂಕಿ ಹಾಕಿದ ಸಾಲುಗಳಿಗೆ) ಇಳಿಸಿದವರು ಅವರು. ಭಾಗ ಉದ್ದವಾದರೆ ಮಕ್ಕಳಿಗೆ ಕಥೆಯ ತುದಿ ಮಾತ್ರ ನೆನಪಿರುತ್ತದೆ, ನಡುವಿನ ಮಾತುಕತೆ ಜಾರಿಹೋಗುತ್ತದೆ. ವಿಧೇಯತೆಯ ಭಾಗಗಳಲ್ಲಿ ತಿರುಳಿರುವುದೇ ಆ ಮಾತುಕತೆಯಲ್ಲಿ. ಒಟ್ಟು 35 ನಿಮಿಷ: ಓದಿಗೆ 12, ಪ್ರಶ್ನೆಗಳಿಗೆ 15, ಪ್ರಾರ್ಥನೆಗೂ ಆ ವಾರ ಮಾಡಬೇಕಾದ ಒಂದು ಕೆಲಸ ಗೊತ್ತುಮಾಡುವುದಕ್ಕೂ 8. ಇದು 40 ದಾಟುತ್ತಿದೆ ಅಂದರೆ ಸಾಮಾನ್ಯವಾಗಿ ದೊಡ್ಡವರೊಬ್ಬರು ಪ್ರಸಂಗ ಮಾಡತೊಡಗಿರುತ್ತಾರೆ. ಅಲ್ಲಿಗೆ ಮಕ್ಕಳ ಬಾಯಿ ಕಟ್ಟಿತು. ಪ್ರಶ್ನೆ ಮೂರೇ ಸಾಕು: ದೇವರು ಹೇಳಿದ್ದೇನು, ಆ ಮನುಷ್ಯ ಮಾಡಿದ್ದೇನು, ಎರಡರ ನಡುವೆ ಅವನಿಗೆ ಕಷ್ಟವಾದದ್ದೇನು. ಮೂರನೆಯದಕ್ಕೆ ಉತ್ತರ ಬರಲು ತಡವಾಗುತ್ತದೆ, ಕಾಯಬೇಕು.

ಎರಡನೆಯ ವಂದನೆ ಮನೆಮನೆಯ ಅಜ್ಜಿಯರಿಗೆ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಾರೆ, ಸತ್ಯವೇದದ, ಅಂದರೆ ಕನ್ನಡ ಬೈಬಲಿನ, ‘ಮಾಡುವದು’, ‘ಹೇಳಿದ್ದೇನಂದರೆ’ ಎಂಬ ಹಳೆಯ ರೂಪಗಳು ಅವರಿಗೆ ಅಪರಿಚಿತ. ಮೊದಲು ಅಜ್ಜಿ ಓದಲಿ, ಮಕ್ಕಳು ಬೆರಳಿಟ್ಟು ಹಿಂಬಾಲಿಸಲಿ, ಎರಡನೇ ಸಲ ಅವರೇ ಸರದಿಯಂತೆ ಮೂರು ಮೂರು ವಚನ ಓದಲಿ. ಇದಕ್ಕೆ ದೊಡ್ಡಕ್ಷರದ ಸತ್ಯವೇದ ಒಂದಾದರೂ ಬೇಕು. ಫೋನಿನ ಪರದೆಯಲ್ಲಿ ಇಬ್ಬರು ಒಟ್ಟಿಗೆ ಓದಲಾಗದು.

ಅಜ್ಜಿಯರು ಕೊಟ್ಟ ಇನ್ನೊಂದು ಸಂಗತಿ ಇಡೀ ಪಾಠದ ಬೀಗದ ಕೈಯಾಯಿತು. ‘ವಿಧೇಯತೆ’ ಎಂಬ ಮಾತು ಏಳು ವರ್ಷದ ಮಗುವಿಗೆ ಕಲ್ಲಿನಂತೆ. ‘ಮಾತು ಕೇಳುವುದು’ ಅಂದರೆ ತಕ್ಷಣ ತಿಳಿಯುತ್ತದೆ. ಕಿವಿಗೆ ಬಿದ್ದದ್ದನ್ನೂ ಕೇಳುವುದು ಅನ್ನುತ್ತೇವೆ, ಹೇಳಿದಂತೆ ನಡೆಯುವುದನ್ನೂ ಕೇಳುವುದು ಅನ್ನುತ್ತೇವೆ. ಹಳೆಯ ಒಡಂಬಡಿಕೆಯ ಮೂಲಭಾಷೆ ಹೀಬ್ರೂವಿನ ‘ಶಾಮಾ’ ಎಂಬ ಕ್ರಿಯಾಪದವೂ ಹೀಗೆಯೇ ಎರಡನ್ನೂ ಹೊತ್ತಿದೆ. ಧರ್ಮೋಪದೇಶಕಾಂಡ 6:4ರ ಮೊದಲ ಪದವೇ ಅದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲೂ ವಿಧೇಯತೆಯ ಪದ ‘ಕೇಳು’ ಎಂಬ ಧಾತುವಿನಿಂದ ಹುಟ್ಟಿದ್ದು.

ಇದು ಹೊಳೆದ ಮೇಲೆ 1 ಸಮುವೇಲ 15 ಬೇರೆಯೇ ರೀತಿ ತೆರೆದುಕೊಳ್ಳುತ್ತದೆ. ಅಮಾಲೇಕ್ಯರನ್ನು ದನಕುರಿ ಸಮೇತ ಸಂಹರಿಸು ಎಂದು ಅರಸ ಸೌಲನಿಗೆ ಅಪ್ಪಣೆಯಾಗಿತ್ತು, ಒಳ್ಳೆಯ ಕುರಿಗಳು ಮಾತ್ರ ಉಳಿದಿದ್ದವು. ದೇವರ ಮಾತನ್ನು ನೆರವೇರಿಸಿದ್ದೇನೆ ಅನ್ನುತ್ತಾನೆ ಸೌಲ, 13ನೇ ವಚನದಲ್ಲಿ. ಹಾಗಾದರೆ ನನಗೆ ಕೇಳಿಸುತ್ತಿರುವ ಈ ಕುರಿಗಳ ಕೂಗು ಏನು ಅನ್ನುತ್ತಾನೆ ಪ್ರವಾದಿ ಸಮುವೇಲ, 14ರಲ್ಲಿ. ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ ಎಂಬ 22ನೇ ವಚನದಲ್ಲೂ ಮೂಲದಲ್ಲಿ ಅದೇ ಕ್ರಿಯಾಪದ. ಬಾಯಿಪಾಠಕ್ಕೆ 22 ಒಂದನ್ನೇ ಕೊಟ್ಟರೆ ಅದು ಗಾದೆಯಾಗಿಬಿಡುತ್ತದೆ. 13ರಿಂದ 24ರವರೆಗೆ ಓದಿದರೆ ಅರ್ಧ ಕೇಳಿದವನ ನೆಪಗಳು ಒಂದೊಂದಾಗಿ ಸಿಗುತ್ತವೆ, ಕೊನೆಗೆ ಜನರಿಗೆ ಹೆದರಿದೆ ಎಂಬ ನಿಜವೂ. ಅದೇ ಅಧ್ಯಾಯದ ಸಂಹಾರದ ಬಗ್ಗೆ ಹದಿಹರೆಯದವರು ಪ್ರಶ್ನೆ ಎತ್ತಿಯೇ ಎತ್ತುತ್ತಾರೆ. ಬಾಯಿ ಮುಚ್ಚಿಸಬೇಡಿ. ಅದಕ್ಕೆಂದೇ ಒಂದು ವಾರ ಬಿಡುವಿಡಿ.

ಸಭಾಪಾಲಕರಿಗೆ (ಪಾಸ್ಟರಿಗೆ) ನಮ್ಮ ಋಣ ದೊಡ್ಡದು, ಮುಖ್ಯವಾಗಿ ಆದಿಕಾಂಡ 22ರ ವಿಷಯದಲ್ಲಿ. ಮಗ ಇಸಾಕನನ್ನು ಬಲಿಕೊಡು ಎಂದು ದೇವರು ಅಬ್ರಹಾಮನಿಗೆ ಹೇಳುವ ಅಧ್ಯಾಯ ಅದು. ಈ ಭಾಗವನ್ನು 10ನೇ ವಚನಕ್ಕೆ ನಿಲ್ಲಿಸಿ ‘ಮುಂದೇನಾಯಿತು ಹೇಳಿ’ ಎಂದು ಕೇಳುವುದು ತಪ್ಪು. ಅಪ್ಪನ ಕೈಯಲ್ಲಿ ಕತ್ತಿ ಇರುವಲ್ಲಿ ಚಿಕ್ಕ ಮಗುವನ್ನು ಒಂದು ಕ್ಷಣವೂ ನಿಲ್ಲಿಸಬಾರದು. ಮಗನ ಬದಲಿಗೆ ಟಗರು ಸಿಗುವ 13ನೇ ವಚನ ದಾಟಿ 14ರವರೆಗೆ ಒಂದೇ ಉಸಿರಿಗೆ ಓದಿ. ಆಮೇಲೆ ಹಿಂದಕ್ಕೆ ಹೋಗಿ 5ನೇ ವಚನ ತೋರಿಸಿ: ನಾವು ಆರಾಧಿಸಿ ತಿರುಗಿ ಬರುತ್ತೇವೆ ಎಂದು ಅಬ್ರಹಾಮ ಆಳುಗಳಿಗೆ ಹೇಳುತ್ತಾನೆ. ‘ನಾವು’ ಎಂಬ ಆ ಬಹುವಚನದಲ್ಲಿ ಅವನ ನಂಬಿಕೆ ಇದೆ. ಇಬ್ರಿಯರಿಗೆ 11:17-19 ಅದನ್ನೇ ಬಿಡಿಸಿ ಹೇಳುತ್ತದೆ. ಇದಕ್ಕೆ ಮುಂಚೆ ಆದಿಕಾಂಡ 12, 15, 21 ಓದಿರಲೇಬೇಕು. ಹಾರಾನ್ ಎಂಬ ಊರಿನಿಂದ ಹೊರಟಾಗ ಅವನಿಗೆ 75 ವರ್ಷ, ಇಸಾಕ ಹುಟ್ಟಿದಾಗ 100. ಒಂದು ದಾರಕ್ಕೆ 25 ಗಂಟು ಹಾಕಿ ಮಕ್ಕಳ ಕೈಗೆ ಕೊಡಿ, ದೇವರು ಮಾತುಕೊಟ್ಟ ಮಗನಿಗಾಗಿ ಕಾಯುವುದು ಎಷ್ಟು ಉದ್ದ ಅನ್ನುವುದು ಬೆರಳಿಗೇ ತಿಳಿಯುತ್ತದೆ.

ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ, ಮಕ್ಕಳು ತಂದೆತಾಯಿಗಳ ಮಾತು ಕೇಳಬೇಕು ಎಂಬ ಮೊದಲ ವಚನವನ್ನು ಮಾತ್ರ ಓದಿಸುವ ಚಾಳಿ ನಮ್ಮ ಮನೆಗಳಲ್ಲಿ ಹಳೆಯದು. ಮಕ್ಕಳಿಗೆ ಕೋಪವೆಬ್ಬಿಸಬೇಡಿ ಎಂದು ತಂದೆಗಳಿಗೆ ಹೇಳುವ 4ನೇ ವಚನ ಸೇರದೆ ಆ ಭಾಗ ಮುಗಿಯುವುದಿಲ್ಲ. ಹೋಮ್‌ವರ್ಕ್ ಜಗಳಕ್ಕೆ ವಚನವನ್ನು ಬೆತ್ತವಾಗಿ ಬಳಸಿದ ಮನೆಯಲ್ಲಿ ಮುಂದಿನ ವಾರ ಮಗು ಪಾಠಕ್ಕೇ ಮುಖ ತಿರುಗಿಸುತ್ತದೆ. ಹಾಗೆಯೇ ದೊಡ್ಡವರು ಹೇಳಿದ್ದನ್ನೆಲ್ಲ ಕೇಳಬೇಕು ಎಂದು ಮಗು ತಿಳಿಯುವುದು ಅಪಾಯ. ಗಂಡುಕೂಸುಗಳನ್ನು ಕೊಲ್ಲಿ ಎಂಬ ಫರೋಹನ ಅಪ್ಪಣೆ ಮೀರಿದ ಸೂಲಗಿತ್ತಿಯರ ಭಾಗವನ್ನೂ (ವಿಮೋಚನಕಾಂಡ 1:15-21), ಮನುಷ್ಯರಿಗಿಂತ ದೇವರ ಮಾತು ಕೇಳಬೇಕು ಎನ್ನುವ ಅಪೊಸ್ತಲರ ಕೃತ್ಯಗಳು 5:29ನ್ನೂ ಪಟ್ಟಿಗೆ ಸೇರಿಸಿ ಎಂದ ಅಕ್ಕಂದಿರಿಗೆ ವಿಶೇಷ ಕೃತಜ್ಞತೆ.

ಕುಷ್ಠದ ಸೇನಾಪತಿ ನಾಮಾನನ ಭಾಗ, 2 ಅರಸುಗಳು 5:1-14, ಮಕ್ಕಳಿಗೆ ಎಲ್ಲಕ್ಕಿಂತ ಸಲೀಸು. ಗುಣವಾಗಲೆಂದು ಅವನು ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗುವುದನ್ನು ಎಣಿಸುತ್ತ ಆಡಿಸಬಹುದು. ಆರನೇ ಸಲಕ್ಕೆ ಏನು ಕಂಡಿತು ಎಂದು ವಚನ ಹೇಳುವುದಿಲ್ಲ. ಅಲ್ಲಿ ತಡೆದು ಕೇಳಿ. ನಂಬಿಕೆ ಮತ್ತು ಕ್ರಿಯೆಯ ಬಗ್ಗೆ ಯಾಕೋಬನ ಪತ್ರಿಕೆ 2:14-26 ಓದುವ ಮುಂಚೆ ಇದು ಬಂದರೆ ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂಬ ಅಲ್ಲಿನ ವಾದ ತಾನಾಗಿ ಅರ್ಥವಾಗುತ್ತದೆ.

ರಾತ್ರಿ ಪಾಳಿ, ತಡರಾತ್ರಿಯ ಕಾಲ್‌ಗಳ ನಡುವೆಯೂ ಭಾನುವಾರ ಸಂಜೆ 6:30ನ್ನು ಬಿಟ್ಟುಕೊಡದ ತಂದೆತಾಯಿಗಳಿಗೆ ಶರಣು. ಪರೀಕ್ಷೆಯ ಮಾರ್ಚ್‌ನಲ್ಲಿ ಪಾಠ ನಿಲ್ಲಿಸುವ ಬದಲು 5 ವಚನಕ್ಕೆ ಇಳಿಸಿದ್ದು ನಿಮ್ಮ ಉಪಾಯ. ಪೂರ್ತಿ ಬಿಟ್ಟರೆ ಮತ್ತೆ ಕೂರಿಸುವುದು ಬಹಳ ಕಷ್ಟ.

ಹೊಸ ಸುತ್ತು ಆದಿಕಾಂಡ 12:1-9ರಿಂದ. ದೊಡ್ಡಕ್ಷರದ ಪ್ರತಿ ಬೇಕಾದವರು ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಯಲ್ಲಿ ಮೊದಲೇ ವಿಚಾರಿಸಿ. ದಾರದ ಉಂಡೆಯನ್ನೂ ತಂದಿಟ್ಟುಕೊಳ್ಳಿ.