ಈಜುಕೊಳಕ್ಕೆ ಉಪ್ಪು: ಅಳೆದ ಮೇಲೆ ಸುರಿಯಿರಿ

ಮಾನ್ಯರೇ,

ಮಳೆ ಹೊಳವಾಗುತ್ತಿದ್ದಂತೆ ಕೊಡಗಿನ ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ದಸರಾ ಪ್ರವಾಸಿಗರಿಗಾಗಿ ಈಜುಕೊಳ ಸಜ್ಜು ಮಾಡುವ ಕೆಲಸ ಶುರುವಾಗುತ್ತದೆ. ಉಪ್ಪುನೀರಿನ ಕೊಳ (ನೀರಿಗೆ ಹಾಕಿದ ಉಪ್ಪಿನಿಂದ ಯಂತ್ರವೇ ಕ್ಲೋರಿನ್ ತಯಾರಿಸುವ ಕೊಳ) ಇರುವ ಕಡೆ ಆಗ ನಡೆಯುವ ಒಂದು ತಪ್ಪಿನ ಪೆಟ್ಟು ತೋಟಕ್ಕೂ ತೋಡಿಗೂ ಬೀಳುತ್ತದೆ. ನೀರಿನಲ್ಲಿ ಎಷ್ಟು ಉಪ್ಪು ಉಳಿದಿದೆ ಎಂದು ನೋಡದೆ, ಮಳೆಗೆ ಎಲ್ಲ ಕೊಚ್ಚಿಹೋಗಿರುತ್ತದೆ ಎಂದುಕೊಂಡು ಮೂಟೆಗಟ್ಟಲೆ ಸುರಿಯುವುದೇ ಆ ತಪ್ಪು.

ಲೆಕ್ಕ ಕಷ್ಟದ್ದಲ್ಲ. ಒಂದು ಪಿಪಿಎಂ ಎಂದರೆ ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ ಉಪ್ಪು. 10 ಮೀಟರ್ ಉದ್ದ, 5 ಮೀಟರ್ ಅಗಲ, ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ 1.8 ಮೀಟರ್ ಆಳದ ಕೊಳಕ್ಕೆ ಸರಾಸರಿ ಆಳ 1.4 ಮೀಟರ್, ಮೂರನ್ನೂ ಗುಣಿಸಿದರೆ 70 ಘನ ಮೀಟರ್, ಅಂದರೆ 70,000 ಲೀಟರ್. ಆಳವನ್ನು ನೀರಿನ ಮಟ್ಟದಿಂದ ಅಳೆಯಬೇಕು, ಗೋಡೆಯ ಅಂಚಿನಿಂದಲ್ಲ. ತಳ ಒಂದೇ ಸಮನೆ ಇಳಿಜಾರಾಗಿದ್ದರೆ ಮಾತ್ರ ಈ ಸರಾಸರಿ ಸರಿ. ಮಕ್ಕಳಿಗೆಂದು ಬೇರೆ ಕಟ್ಟೆ ಇದ್ದರೆ ಅದರ ನೀರನ್ನು ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿ. ಅಡಿಯಲ್ಲಿ ಅಳೆಯುವವರು ಘನ ಅಡಿಯನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ.

ಕ್ಲೋರಿನ್ ತಯಾರಿಸುವ ಈ ಯಂತ್ರಗಳಲ್ಲಿ, ಅಂದರೆ ಕ್ಲೋರಿನೇಟರ್‌ಗಳಲ್ಲಿ, ಹೆಚ್ಚಿನವಕ್ಕೆ 3,200 ಪಿಪಿಎಂ ಆಸುಪಾಸು ಬೇಕು. ಕೆಲವಕ್ಕೆ ಇನ್ನೂ ಜಾಸ್ತಿ, ಯಂತ್ರದ ಕೈಪಿಡಿಯೇ ಪ್ರಮಾಣ. ಹೊಸ ನೀರಿಗಾದರೆ 70 × 3.2 = 224 ಕೆ.ಜಿ. ಮಳೆಗಾಲದ ನಂತರ ಪರೀಕ್ಷೆಯಲ್ಲಿ 1,900 ಬಂತೆನ್ನಿ. ಕೊರತೆ 1,300 ಮಾತ್ರ. 70 × 1.3 = 91 ಕೆ.ಜಿ. ಸಾಕು. ಹಳೆಯ ಚೀಟಿ ನೋಡಿ 224 ಕೆ.ಜಿ.ಯನ್ನೇ ಸುರಿದರೆ ನೀರು 5,100ಕ್ಕೆ ಏರುತ್ತದೆ. ಹಲವು ಯಂತ್ರಗಳು ಅಷ್ಟಕ್ಕೆ ಎಚ್ಚರಿಕೆ ತೋರಿಸಿ ನಿಂತುಬಿಡುತ್ತವೆ, ಏಣಿಯ ಉಕ್ಕು ತುಕ್ಕು ಹಿಡಿಯುತ್ತದೆ. ಹೆಚ್ಚಾದ ಉಪ್ಪನ್ನು ತೆಗೆಯುವ ಪುಡಿಯಾಗಲಿ ದ್ರಾವಣವಾಗಲಿ ಇಲ್ಲ. ನೀರನ್ನೇ ಹೊರಹಾಕಿ ಹೊಸದು ತುಂಬಬೇಕು. ಈ ಉದಾಹರಣೆಯಲ್ಲಿ ಅದು ಸುಮಾರು 26,000 ಲೀಟರ್, ಅದರೊಳಗೆ 130 ಕೆ.ಜಿ.ಗೂ ಮೇಲೆ ಉಪ್ಪು. ಕಾಫಿಗಾಗಲಿ ಮೆಣಸಿನ ಬಳ್ಳಿಗಾಗಲಿ ಇದು ಒಗ್ಗುವ ನೀರಲ್ಲ. ತೋಡಿಗೆ ಬಿಟ್ಟರೆ ಕೆಳಗಿನ ಗದ್ದೆಗೆ, ಅಲ್ಲಿಂದ ಹೊಳೆಗೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಬಿಡಲು ಒಳ್ಳೆಯ ಜಾಗವೇ ಇಲ್ಲ.

ಮಳೆಯಿಂದ ಉಪ್ಪು ಕಡಿಮೆಯಾಗುವುದು ನಿಜ. ತುಂಬಿದ ಕೊಳಕ್ಕೆ 40 ಇಂಚು ಮಳೆ ಬಿದ್ದು ಚೆನ್ನಾಗಿ ಬೆರೆಯುತ್ತಾ ಉಕ್ಕಿ ಹರಿದರೆ, 1.4 ಮೀಟರ್ ಆಳದಲ್ಲಿ ಉಪ್ಪು ಅರ್ಧಕ್ಕೆ ಇಳಿಯಬಹುದು. ಆದರೆ ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಪಂಪು ನಿಲ್ಲಿಸಿದ ಕೊಳದಲ್ಲಿ ಹಗುರವಾದ ಮಳೆನೀರು ಮೇಲ್ಪದರದಲ್ಲೇ ನಿಂತು ಅಲ್ಲೇ ಹರಿದುಹೋಗುತ್ತದೆ, ಉಪ್ಪು ಕೆಳಗೆ ಉಳಿಯುತ್ತದೆ. ಹಾಗಾಗಿ ಎಸ್ಟೇಟಿನ ಪುಸ್ತಕದಲ್ಲಿ ಇಂಚು, ಸೆಂಟ್ ಎಂದು ಎಷ್ಟೇ ಶ್ರದ್ಧೆಯಿಂದ ಮಳೆ ಬರೆದಿಟ್ಟಿದ್ದರೂ ಅದರಿಂದ ಉಪ್ಪಿನ ಲೆಕ್ಕ ಹೊರಡುವುದಿಲ್ಲ. ಮಳೆ ಹೆಚ್ಚಿರುವ ಭಾಗಮಂಡಲದ ಕೊಳಕ್ಕೂ ಮಳೆ ಕಡಿಮೆಯ ಕುಶಾಲನಗರದ ಕೊಳಕ್ಕೂ ಒಂದೇ ಅಂದಾಜು ಹಾಕುವುದಂತೂ ಸಲ್ಲದು. ಬೇಸಿಗೆಯಲ್ಲಿ ಆವಿಯಾಗಿ ಇಳಿದ ಮಟ್ಟಕ್ಕೆ ನೀರು ತುಂಬಿದರೆ ಸಾಕು, ಉಪ್ಪು ಆವಿಯಾಗುವುದಿಲ್ಲ.

ಪರೀಕ್ಷೆಗೆ ಮೊದಲು ಪಂಪು ಒಂದು ದಿನ ಓಡಲಿ. ಮೊಣಕೈ ಆಳದಿಂದ ನೀರು ತೆಗೆದು ಉಪ್ಪು ಅಳೆಯುವ ಪರೀಕ್ಷಾ ಪಟ್ಟಿಯಿಂದ (ಟೆಸ್ಟ್ ಸ್ಟ್ರಿಪ್) ನೋಡಿ. ಯಂತ್ರದ ಪರದೆಯಲ್ಲಿ 'ಉಪ್ಪು ಕಡಿಮೆ' ಎಂದು ಬಂದ ಮಾತ್ರಕ್ಕೆ ನಂಬಬೇಡಿ. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಹರಿಯುವ ಪ್ರಮಾಣವನ್ನು. ಡಿಸೆಂಬರ್ ಚಳಿಗೆ ನೀರು ತಣ್ಣಗಾದರೂ, ಯಂತ್ರದಲ್ಲಿ ಕ್ಲೋರಿನ್ ತಯಾರಾಗುವ ಭಾಗವಾದ ಸೆಲ್‌ನ ಫಲಕಗಳಿಗೆ ಬಿಳಿ ಪೊರೆ ಕಟ್ಟಿದರೂ, ಸೆಲ್ ಹಳತಾದರೂ ಅದೇ ಎಚ್ಚರಿಕೆ ಬರುತ್ತದೆ. ಅದನ್ನು ನೋಡಿ ಉಪ್ಪು ಸುರಿದವರೇ ಹೆಚ್ಚು ತೊಂದರೆಗೆ ಸಿಕ್ಕುತ್ತಾರೆ.

ಶೇ 99ಕ್ಕಿಂತ ಹೆಚ್ಚು ಶುದ್ಧವಾದ, ಅಯೋಡಿನ್ ಸೇರಿಸದ ಪುಡಿ ಉಪ್ಪೇ ಬೇಕು. ಸಂತೆಯ ಹರಳುಪ್ಪಿನಲ್ಲಿ ಮಣ್ಣು, ಮೆಗ್ನೀಸಿಯಂ, ಕ್ಯಾಲ್ಸಿಯಂ ಇರುತ್ತದೆ. ನೀರು ಕದಡುತ್ತದೆ, ಸೆಲ್‌ಗೆ ಪೊರೆ ಕಟ್ಟುತ್ತದೆ. ಲೆಕ್ಕದ ಮುಕ್ಕಾಲು ಭಾಗವನ್ನು ಮೊದಲು ಹಾಕಿ. ಸೆಲ್ ಆಫ್, ಪಂಪು ಆನ್ ಇರಲಿ. ಉಪ್ಪನ್ನು ಸ್ಕಿಮ್ಮರ್‌ಗೆ (ಮೇಲೆ ತೇಲುವ ಕಸ ಎಳೆದುಕೊಳ್ಳುವ ಬಾಯಿಗೆ) ಹಾಕದೆ ಸುತ್ತಲೂ ಎರಚಿ, ತಳದಲ್ಲಿ ಕೂತದ್ದನ್ನು ಬ್ರಷ್‌ನಿಂದ ತಳ್ಳಿ, 24 ಗಂಟೆ ಬಿಟ್ಟು ಮತ್ತೆ ಅಳೆದು ಉಳಿದದ್ದನ್ನು ಸೇರಿಸಿ. ಯಂತ್ರದ ಮಿತಿಯೊಳಗೆ ಸ್ವಲ್ಪ ಹೆಚ್ಚಾಗಿದ್ದರೆ ನೀರು ಖಾಲಿ ಮಾಡಬೇಡಿ, ಬಿಟ್ಟುಬಿಡಿ; ಫಿಲ್ಟರ್ ತೊಳೆಯುವಾಗ ತಾನಾಗಿ ಇಳಿಯುತ್ತದೆ.

ಆ ತೊಳೆದ ನೀರಿನ ಬಗ್ಗೆಯೂ ಗಮನ ಬೇಕು. ನಿಮಿಷಕ್ಕೆ 200 ಲೀಟರ್‌ನಂತೆ ಮೂರು ನಿಮಿಷ ತೊಳೆದರೆ ಸುಮಾರು 2 ಕೆ.ಜಿ. ಉಪ್ಪು ಹೊರಹೋಗುತ್ತದೆ. ವಾರವಾರವೂ ಒಂದೇ ಜಾಗಕ್ಕೆ ಬೀಳುವ ಆ ಪೈಪಿನ ಬಾಯಿ ಕಾಫಿ ಗಿಡಗಳ ಕಡೆಗೆ ಇರಬಾರದು.

ಕೊಳ ಕಟ್ಟಿಕೊಡುವವರಲ್ಲಿ ನಮ್ಮ ಒತ್ತಾಯ ಇಷ್ಟು: ಕೊಳದ ನೀರು ಎಷ್ಟು ಲೀಟರ್, 100 ಪಿಪಿಎಂ ಏರಿಸಲು ಎಷ್ಟು ಕೆ.ಜಿ. ಬೇಕು (ಮೇಲಿನ ಕೊಳಕ್ಕೆ 7 ಕೆ.ಜಿ.) ಎಂಬುದನ್ನು ಪಂಪ್‌ಹೌಸ್ ಗೋಡೆಯ ಮೇಲೆ ಬಣ್ಣದಲ್ಲಿ ಕನ್ನಡದಲ್ಲೇ ಬರೆದುಕೊಡಿ. ಮೂಟೆ ಬಿಚ್ಚುವ ಕೆಲಸಗಾರನಿಗೆ ಕೈಪಿಡಿ ಸಿಗುವುದಿಲ್ಲ, ಗೋಡೆ ಕಾಣುತ್ತದೆ.

– ಈಜುಕೊಳ ನಿರ್ವಹಣೆಗಾರರು, ಮಡಿಕೇರಿ